ಸ್ಟೇರಿಂಗಿಗೆ ಸುತ್ತಿದ ಮೇಕೆ ಚರ್ಮ

ಪಿಕಪ್ಪು ಗಾಡಿಯ ಸ್ಟೇರಿಂಗು ಹೇಗೆ ಸವೆಯುತ್ತದೆ ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಇಂಜಿನ್ನಿನ ವಿಷಯ ಮಾತ್ರ ಕೇಳಬೇಡಿ, ನನಗೆ ಒಂದು ಚೂರೂ ಗೊತ್ತಿಲ್ಲ. ನಯಾಪೈಸೆ ಇನ್ನೂ ಬಂದಿರಲಿಲ್ಲ, ಆಣೆಯ ಕಾಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಓಡುತ್ತಿದ್ದ ಪಿಕಪ್ಪುಗಳೆಲ್ಲ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಹಳೇ ಮಾಲು. ಅವುಗಳ ಸ್ಟೇರಿಂಗಿನ ಒಳಗೆ ಕಬ್ಬಿಣದ ಬಳೆ, ಮೇಲೆ ಕಲ್ಲಿನಂಥ ಕಪ್ಪು ರಬ್ಬರು. ಬಿಸಿಲಿಗೆ ಆ ರಬ್ಬರು ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಎದ್ದ ಅಂಚು ಡ್ರೈವರನ ಅಂಗೈ ಕೊಯ್ಯುತ್ತಿತ್ತು. ಪೂರಾ ಉದುರಿದರೆ ಬರೀ ಕಬ್ಬಿಣ. ಬೇಸಿಗೆಯಲ್ಲಿ ಮುಟ್ಟಿದರೆ ಬೊಬ್ಬೆ, ಮಳೆಯಲ್ಲಿ ಹಿಡಿದರೆ ಜಾರು. ಹೊಸ ಸ್ಟೇರಿಂಗು ಚಕ್ರ ಬೇಕಾದರೆ ಮದರಾಸಿಗೆ ಬರೆದು ಕಾಯಬೇಕು. ಯಾರು ಕಾಯುತ್ತಾರೆ? ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು.

ನಾನು ಹುಣಸೂರಿನಲ್ಲಿ, ಹೊಳೆ ಸೇತುವೆ ದಾಟಿ ಮೋಟಾರುಗಳು ನಿಲ್ಲುವ ಜಾಗದಲ್ಲಿ, ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕೂರುತ್ತಿದ್ದೆ. ನಮ್ಮದು ಚರ್ಮದ ಕಸುಬಿನ ಮನೆ. ಅಪ್ಪ ಜಟಕಾ ಕುದುರೆಗಳಿಗೆ ಕೊರಳಪಟ್ಟಿ, ಲಗಾಮು ಹೊಲಿಯುತ್ತಿದ್ದ. ಜಟಕಾ ಕಮ್ಮಿಯಾಯಿತು, ಮೋಟಾರು ಹೆಚ್ಚಾಯಿತು. ನಾನು ಅದೇ ದಬ್ಬಳ, ಅದೇ ಮೇಣದ ದಾರ ಎತ್ತಿಕೊಂಡು ಸ್ಟೇರಿಂಗು ಹೊಲಿಯೋಕೆ ಶುರು ಮಾಡಿದೆ. ಚಕ್ರ ಬಿಚ್ಚುವ ಹಾಗಿಲ್ಲ. ಡ್ರೈವರನ ಸೀಟಿನಲ್ಲೇ ಕೂತು, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಹೊಲಿಯಬೇಕು. ಹೊಲಿಗೆ ಒಳಮಗ್ಗುಲಿಗೆ ಬರಬೇಕು, ಇಲ್ಲದಿದ್ದರೆ ಹೆಬ್ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಸವೆದ ಜಾಗ ನೋಡಿಯೇ ಡ್ರೈವರನ ಗುಣ ಹೇಳುತ್ತಿದ್ದೆ ನಾನು. ಬಲಗಡೆ ಮಾತ್ರ ಸವೆದಿದ್ದರೆ ಒಂದೇ ಕೈಯಲ್ಲಿ ಓಡಿಸಿಕೊಂಡು ಬೀಡಿ ಸೇದುವ ಆಸಾಮಿ. ಸುತ್ತಲೂ ಒಂದೇ ಸಮ ಸವೆದಿದ್ದರೆ ಹೆದರುಪುಕ್ಕಲ.

ಸುತ್ತೋಕೆ ಮೂರು ಥರ ಇತ್ತು. ಹಳೇ ಸೈಕಲ್ ಟ್ಯೂಬು, ನೂಲಿನ ಹುರಿ, ಚರ್ಮ. ಟ್ಯೂಬು ಬಿಸಿಲಿಗೆ ಕರಗಿ ಅಂಟುತ್ತದೆ. ಹುರಿ ಬೆವರು ಕುಡಿದು ಸಡಿಲವಾಗಿ ಕಬ್ಬಿಣದ ಮೇಲೆ ಗಿರಗಿರ ತಿರುಗುತ್ತದೆ. ಚರ್ಮವೇ ಸೈ. ತಂಗಡಿ ಗಿಡದ ಚಕ್ಕೆಯಲ್ಲಿ ಹದ ಮಾಡಿದ ಮೇಕೆ ಚರ್ಮವನ್ನು ಒದ್ದೆಯಲ್ಲೇ ಎಳೆದು ಹೊಲಿದರೆ, ಒಣಗುತ್ತಾ ಒಣಗುತ್ತಾ ಬಿಗಿದುಕೊಂಡು ಚಕ್ರಕ್ಕೆ ಮೈಚರ್ಮವೇ ಆಗಿಬಿಡುತ್ತದೆ. ಆದರೆ ಎಲ್ಲರಿಗೂ ಚರ್ಮ ಆಗೋದಿಲ್ಲವಲ್ಲ! ನಮ್ಮ ಕಡೆ ಗಾಡಿ ಇಟ್ಟ ಯಜಮಾನರಲ್ಲಿ ಮುಕ್ಕಾಲುಪಾಲು ಲಿಂಗ ಕಟ್ಟಿದ ಮನೆಯವರು. ಬೆಳಗಾದರೆ ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟು ಪೂಜೆ ಮಾಡುವವರು. ಆ ಕೈ ಚರ್ಮ ಮುಟ್ಟಬಾರದು. ಕಾಲಿಗೆ ನಾವು ಹೊಲಿದ ಚಪ್ಪಲಿ ಆಗುತ್ತದೆ, ಕೈಗೆ ಮಾತ್ರ ಆಗೋದಿಲ್ಲ. ಹೋಗಲಿ, ಅವರ ಮಡಿ ಅವರದು. ಅವರ ಗಾಡಿಗೆ ನಾನು ಹುರಿಯನ್ನೇ ಸುತ್ತುತ್ತಿದ್ದೆ.

ಅವರು ನನ್ನ ಹತ್ತಿರ ಯಾಕೆ ಬರುತ್ತಿದ್ದರು ಅನ್ನೋದೇ ಮುಖ್ಯ. ಹುರಿಯ ಕೆಳಗೆ ಏನಿಟ್ಟಿದ್ದಾನೆ ಅಂತ ಯಾರಿಗೆ ಕಾಣುತ್ತದೆ? ಒಂದು ಚೂರು ಚರ್ಮದ ಪಟ್ಟಿ ಕೆಳಗೆ ಕೊಟ್ಟರೆ ಹುರಿ ಕಚ್ಚಿಕೊಂಡು ನಿಲ್ಲುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಬೇರೆಯವರು ಹಾಗೆ ಮಾಡಿದ್ದೂ ಉಂಟು. ಅಪ್ಪ ಮಾತ್ರ ನನಗೆ ಬಾರುಕೋಲು ತೋರಿಸಿಯೇ ಹೇಳಿಕೊಟ್ಟಿದ್ದ: ಎಮ್ಮೆದನ್ನ ದನದ್ದು ಅನ್ನಬ್ಯಾಡ, ಹಳೇದನ್ನ ಹೊಸದು ಅನ್ನಬ್ಯಾಡ, ಬಣ್ಣ ಕಟ್ಟಿದ ಮೇಲೆ ಅವರಿಗೆ ಕಾಣೋದು ನಿನ್ನ ನಾಲಗೆ ಒಂದೇ ಕಣ್ಲಾ. ನಾನು ಹುರಿ ಅಂದರೆ ಹುರಿ. ಆ ಒಂದು ನಂಬಿಕೆಯ ಮೇಲೆ ನನ್ನ ಒಲೆ ಉರಿಯುತ್ತಿತ್ತು. ಅದು ಹೋದರೆ ನಾಲ್ಕು ತಾಲ್ಲೂಕಿನ ಸ್ಟೇರಿಂಗುಗಳೂ ಹೋದವು ಅಂತಲೇ ಲೆಕ್ಕ.

ಅದನ್ನು ನಾನು ಕಳೆದುಕೊಂಡದ್ದು ಒಬ್ಬ ಸ್ನೇಹಿತನಿಗಾಗಿ. ಸ್ನೇಹಿತ! ಈ ಮಾತು ಆಡೋಕೂ ಈಗ ಮೈ ಉರಿಯುತ್ತದೆ.

ಅವನು ಕೃಷ್ಣರಾಜನಗರದ ಆಚೆ, ಮಿರ್ಲೆ ಕಡೆಯ ಒಂದು ಹಳ್ಳಿಯವನು, ಲಿಂಗ ಕಟ್ಟಿದ ಮನೆಯವನೇ. ಅವನ ಅಣ್ಣನಿಗೆ ಕಬ್ಬಿನ ಗದ್ದೆ, ಆಲೆಮನೆ, ಒಂದು ಪಿಕಪ್ಪು. ಅಣ್ಣ ಯಜಮಾನ, ಇವನು ಡ್ರೈವರು. ಬೆಲ್ಲದ ಪಿಂಡಿ ಹೇರಿಕೊಂಡು ಹುಣಸೂರಿನ ಮೇಲೆ ಕೋಟೆ ಸಂತೆಗೆ ಹೋಗೋದು, ಬರುವಾಗ ಕಾಡಂಚಿನ ಹಾಡಿಯವರು ಕಡಿದು ಜೋಡಿಸಿಟ್ಟ ಬಿದಿರು ತುಂಬಿಕೊಂಡು ಬರೋದು. ಹೋಗುವಾಗಲೂ ಬರುವಾಗಲೂ ನನ್ನ ಮರದ ಕೆಳಗೆ ಗಾಡಿ ನಿಲ್ಲಿಸುತ್ತಿದ್ದ. ನಾನು ಮೊದಮೊದಲು ಯಜಮಾನರಿಗೆ ಅನ್ನುವ ಹಾಗೆ ‘ಬುದ್ಧಿ’ ಅಂತಿದ್ದೆ. ಒಂದು ದಿನ ರೇಗಿಬಿಟ್ಟ.

“ನನ್ನ ಬುದ್ಧಿ ಗಿದ್ಧಿ ಅನ್ಬ್ಯಾಡ ಕಣ್ಲಾ. ಇಬ್ರೂ ಒಂದೇ ವಯಸ್ನೋರು. ಬಾ ಓಗು ಅನ್ನು.”

ಟೀ ಅಂಗಡಿಯಲ್ಲಿ ನನ್ನ ಲೋಟ ಬೇರೆ, ಹೊರಗೆ ಗೂಟಕ್ಕೆ ತಗಲಿಹಾಕಿರುತ್ತಿತ್ತು. ಒಳಗೆ ಬೆಂಚಿನ ಮೇಲೆ ಕೂರಬಹುದಾಗಿದ್ದವನು ತನ್ನ ಲೋಟ ಹಿಡಿದುಕೊಂಡು ಹೊರಗೆ ಬಂದು ನನ್ನ ಕಲ್ಲಿನ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕುಡಿಯುತ್ತಿದ್ದ. ಬೇರೆ ಯಾವ ಡ್ರೈವರೂ ಹಾಗೆ ಮಾಡಿದ್ದನ್ನು ನಾನು ನೋಡಲಿಲ್ಲ. ನನಗೆ ಅಷ್ಟು ಸಾಕಾಗಿತ್ತು. ಅವನ ಗಾಡಿಯ ಸದ್ದು ಸೇತುವೆ ಮೇಲೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ನಿಲ್ಲುತ್ತಿದ್ದೆ.

ಇನ್ನೊಂದು ಋಣವೂ ಇತ್ತು. ನನ್ನ ಹೆಂಡತಿಗೆ ಮೊದಲ ಹೆರಿಗೆ. ಬೆಳಿಗ್ಗೆ ಶುರುವಾದ ನೋವು ಮಧ್ಯಾಹ್ನವಾದರೂ ಮಗು ಇಳಿಯಲಿಲ್ಲ. ಸೂಲಗಿತ್ತಿ ಕೈಚೆಲ್ಲಿ ಕೂತಳು. ನಾನು ಮೋಟಾರು ನಿಲ್ಲುವ ಜಾಗಕ್ಕೆ ಓಡಿಬಂದರೆ ಇವನು ಬೆಲ್ಲ ಹೇರಿಕೊಂಡು ಕೋಟೆಗೆ ಹೊರಟಿದ್ದ. ಒಂದು ಮಾತು ಕೇಳಲಿಲ್ಲ ಪುಣ್ಯಾತ್ಮ. ಗಾಡಿಯನ್ನು ನಮ್ಮ ಕೇರಿಗೇ ತಂದ. ನನ್ನ ಹೆಂಡತಿಯನ್ನು ಹಿಂದೆ ಬೆಲ್ಲದ ಜೊತೆ ಹಾಕದೆ ಮುಂದಿನ ಸೀಟಿನಲ್ಲಿ, ತನ್ನ ಪಕ್ಕದಲ್ಲಿ, ಒರಗಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಓಡಿಸಿದ. ಮಗಳು ಹುಟ್ಟಿದಳು, ತಾಯಿ ಉಳಿದಳು. ಅವತ್ತಿನಿಂದ ನನ್ನ ಹೆಂಡತಿಗೆ ಅವನೆಂದರೆ ದೇವರಿಗಿಂತ ಒಂದು ಕೈ ಹೆಚ್ಚು.

ಅಂಥವನು ಒಂದು ಬೇಸಿಗೆಯಲ್ಲಿ ಮುಖ ಬಿಳಿಚಿಕೊಂಡು ಬಂದ. ಅವನಿಗೆ ಅಂಗೈ ಬೆವರು ಜಾಸ್ತಿ. ಕೋಟೆ ರಸ್ತೆಯ ಇಳಿಜಾರಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂದಿದೆ, ಇವನು ಚಕ್ರ ತಿರುಗಿಸಿದ್ದಾನೆ, ನಾನು ಸುತ್ತಿದ್ದ ಹುರಿ ಮಾತ್ರ ಕೈಯಲ್ಲಿ ತಿರುಗಿದೆ, ಚಕ್ರ ತಿರುಗಿಲ್ಲ. ಗಾಡಿ ಹಳ್ಳದ ಅಂಚಿಗೆ ಹೋಗಿ ಒಂದು ಮರಕ್ಕೆ ತಗಲಿ ನಿಂತಿದೆ.

“ಚರ್ಮ ಹಾಕ್ಲಾ,” ಅಂದ.

“ಬ್ಯಾಡಪ್ಪ. ನಿಮ್ಮಣ್ಣನೂ ಮುಟ್ಟೋ ಚಕ್ರ. ನೀನು ದಿನಾ ಪೂಜೆ ಮಾಡೋನು.”

“ಪೂಜೆ ಮಾಡಾಕೆ ನಾನು ಬದುಕಿರ್ಬೇಕಲ್ಲಾ? ಮೇಲೆ ಕರೀ ಬಣ್ಣ ಒಡಿ. ರೆಕ್ಸಿನು ಅನ್ನು. ಯಾರಿಗ್ ಗೊತ್ತಾಯ್ತದೆ?”

“ಗೊತ್ತಾದ್ರೆ?”

“ನಾನಿಲ್ವೇನ್ಲಾ? ನಾನೇ ಆಕುಸ್ದೆ ಅಂತೀನಿ. ನಿನ್ನ ತಂಟೆಗ್ ಯಾರೂ ಬರಾಕಿಲ್ಲ. ನಿನ್ನ ಮಗಳಾಣೆ.”

ನನ್ನ ಮಗಳ ಮೇಲೆ ಆಣೆ ಇಡೋಕೆ ಅವನಿಗೆ ಹಕ್ಕಿದೆ ಅಂತ ನನಗೆ ಆಗ ಅನ್ನಿಸಿತು ನೋಡಿ! ಅವಳು ಬದುಕಿದ್ದೇ ಅವನಿಂದ ಅಂತ. ನನ್ನ ಬುದ್ಧಿಗೆ ಮಂಕು ಕವಿದಿತ್ತು. ಒಳ್ಳೇ ಎಳೇ ಮೇಕೆಯ ಚರ್ಮ ಆರಿಸಿದೆ. ನೆನೆಸಿ, ತೆಳ್ಳಗೆ ಹೆರೆದು, ಹರಳೆಣ್ಣೆಗೆ ಚೂರು ಕೊಬ್ಬು ಬೆರೆಸಿ ತಿಕ್ಕಿ, ಕಪ್ಪು ಬಣ್ಣ ಕಟ್ಟಿ ಹೊಲಿದೆ. ಅಷ್ಟು ಚೆಂದದ ಹೊಲಿಗೆ ನಾನು ಅದಕ್ಕೆ ಮುಂಚೆ ಹೊಲಿದಿರಲಿಲ್ಲ, ಆಮೇಲೂ ಹೊಲಿಯಲಿಲ್ಲ. ಅವನು ಕೂತು ಹಿಡಿದು ನೋಡಿದ. “ಆಹಾ! ಎಮ್ಮೆ ಕೆಚ್ಚಲು ಇಡ್ಕಂಡಂಗ್ ಅದೆ ಕಣ್ಲಾ,” ಅಂತ ನಕ್ಕ. ನನಗೂ ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ.

ಎರಡು ವಾರ ಕಳೆದಿರಬಹುದು, ಅಣ್ಣನೇ ಗಾಡಿಯಲ್ಲಿ ಬಂದರು. ದೊಡ್ಡ ಆಳು, ಮೆಲ್ಲನೆ ಮಾತಾಡುವವರು. ಗಾಡಿಯಿಂದ ಇಳಿಯದೆ ಚಕ್ರದ ಮೇಲೆ ಬೆರಳಾಡಿಸುತ್ತಾ ಕೇಳಿದರು.

“ಇದು ಏನ್ ಹಾಕಿದ್ದೀಯಯ್ಯ? ಚೆನ್ನಾಗಿದೆ.”

ತಮ್ಮ ಆ ಕಡೆ ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ.

“ರೆಕ್ಸಿನು ಬುದ್ಧಿ,” ಅಂದೆ.

“ನೀನು ಹೇಳಿದ್ ಮೇಲೆ ಸರಿ ಬುಡು,” ಅಂದರು ಅವರು. ಇನ್ನೊಂದು ಮಾತು ಕೇಳಲಿಲ್ಲ. ಆ ‘ನೀನು ಹೇಳಿದ ಮೇಲೆ’ ಅನ್ನೋ ಒಂದು ಮಾತಿಗೆ, ಗಾಡಿ ಹೋದ ಮೇಲೆ ಅವತ್ತು ನನಗೆ ದಾರ ಪೋಣಿಸೋಕೂ ಆಗಲಿಲ್ಲ.

ಮಳೆ ಬಂತು. ಆ ಗಾಡಿಗಳ ಪಕ್ಕಕ್ಕೆ ಗಾಜಿಲ್ಲ, ಅರ್ಧ ಬಾಗಿಲು, ಮೇಲೆ ಬರೀ ಬಯಲು. ಸ್ಟೇರಿಂಗು ನೆನೆಯಿತು. ನೆನೆದ ಚರ್ಮ ಎಷ್ಟೇ ಹದ ಮಾಡಿದ್ದರೂ ತನ್ನ ವಾಸನೆ ಬಿಡದೆ ಇರುತ್ತದೆಯೇ? ಮನುಷ್ಯರ ಮೂಗಿಗೆ ಅದು ಗೊತ್ತಾಗಲಿಲ್ಲ. ಚರ್ಮಕ್ಕೆ ಕೊಬ್ಬು ನಾನು ತಿಕ್ಕಿದ್ದೆ, ಬೆಲ್ಲದ ಕೈ ಅವನು ತಿಕ್ಕಿದ್ದ. ಅವರ ಮನೆಯ ಅಂಗಳದಲ್ಲಿ ನಿಲ್ಲಿಸಿದ್ದ ಗಾಡಿಗೆ ಒಂದು ಬೆಳಿಗ್ಗೆ ಮನೆಯ ನಾಯಿ ಹತ್ತಿ, ಡ್ರೈವರನ ಸೀಟಿನಲ್ಲಿ ಅಚ್ಚುಕಟ್ಟಾಗಿ ಕೂತು, ಚಕ್ರದ ಮೇಲೆ ಎರಡು ಕಾಲಿಟ್ಟು ಚರ್ಮ ಕಿತ್ತು ತಿನ್ನುತ್ತಿತ್ತಂತೆ. ಅವರ ತಾಯಿ, ಎಂಬತ್ತು ದಾಟಿದ ಮುದುಕಿ, ಪೂಜೆ ಮುಗಿಸಿ ಹೊರಗೆ ಬಂದವರು ನಿಂತು ನೋಡಿದರಂತೆ. ಆಮೇಲೆ ಒಳಗೆ ತಿರುಗಿ ದೊಡ್ಡ ಮಗನನ್ನು ಕೂಗಿ ಕೇಳಿದರಂತೆ:

“ಲೋ, ನಾಯಿ ರೆಕ್ಸಿನು ತಿಂತದೇನೋ?”

ಈಗ ನೆನೆಸಿಕೊಂಡರೆ ನಗು ಬರುತ್ತದೆ. ಅವತ್ತು ಬರಲಿಲ್ಲ. ಹೇಳಿಕಳಿಸಿದರು, ಮಾರನೇ ದಿನ ಹೋದೆ. ಹುಣಸೂರಿನಿಂದ ಕೃಷ್ಣರಾಜನಗರದವರೆಗೆ ಬಸ್ಸು, ಅಲ್ಲಿಂದ ನಡಿಗೆ. ದಾರಿಯುದ್ದಕ್ಕೂ ನನಗೆ ಹೆದರಿಕೆಯೇನೂ ಇರಲಿಲ್ಲ ಅಂದರೆ ನೀವು ನಂಬಬೇಕು. ಅವನಿದ್ದಾನೆ, ನಾನೇ ಹಾಕಿಸಿದ್ದು ಅಂತಾನೆ, ಯಜಮಾನರು ತಮ್ಮನಿಗೆ ನಾಲ್ಕು ಬೈತಾರೆ, ನಾನೂ ತಪ್ಪಾಯ್ತು ಅಂತೀನಿ, ಚರ್ಮ ಬಿಚ್ಚಿ ಬರ್ತೀನಿ. ಹೀಗೆ ಲೆಕ್ಕ ಹಾಕಿಕೊಂಡು, ಬಿಚ್ಚೋಕೆ ಕತ್ತಿ ಇಟ್ಟುಕೊಂಡೇ ಹೋಗಿದ್ದೆ.

ಅಂಗಳದಲ್ಲಿ ಊರಿನ ಹತ್ತು ಹನ್ನೆರಡು ಜನ ಸೇರಿದ್ದರು. ಅವರಲ್ಲಿ ಗಾಡಿ ಇಟ್ಟ ಇನ್ನೂ ಮೂವರು ಯಜಮಾನರಿದ್ದರು, ಮೂವರ ಸ್ಟೇರಿಂಗಿಗೂ ನಾನೇ ಹುರಿ ಸುತ್ತಿದ್ದು. ಜಗುಲಿಯ ಮೇಲೆ ತಾಯಿ. ತಮ್ಮ ಕಂಬಕ್ಕೆ ಒರಗಿ ನಿಂತಿದ್ದ, ತಲೆಗೆ ಸ್ನಾನ ಮಾಡಿ ಹಣೆ ತುಂಬಾ ವಿಭೂತಿ ಹಚ್ಚಿದ್ದ. ನಾನು ಅಂಗಳದ ಅಂಚಿನಲ್ಲಿ ನಿಂತೆ.

“ಇದು ಏನು?” ಅಂದರು ಯಜಮಾನರು, ಗಾಡಿಯ ಕಡೆ ಕೈ ತೋರಿಸಿ.

“ಚರ್ಮ ಬುದ್ಧಿ. ಮೇಕೇದು.”

“ಅವತ್ತು ನಾನು ಕೇಳಿದಾಗ ಏನಂದೆ?”

“ರೆಕ್ಸಿನು ಅಂದೆ.”

“ಯಾಕಂದೆ?”

ಇಲ್ಲಿ ನಾನು ಮಾಡಿದ ತಪ್ಪು ಒಂದೇ. ಬಾಯಿ ಬಿಡಲಿಲ್ಲ. ಅವನ ಅಣ್ಣನ ಮುಂದೆ, ತಾಯಿಯ ಮುಂದೆ, ನಾನು ಬೆರಳು ತೋರಿಸಿ ‘ಇವನು ಹೇಳಿದ’ ಅನ್ನೋದು ಸರಿಯಲ್ಲ, ಅವನೇ ಹೇಳಲಿ, ಅವನ ಮರ್ಯಾದೆ ಅವನ ಕೈಯಲ್ಲೇ ಇರಲಿ ಅಂತ ಸುಮ್ಮನೆ ಅವನ ಮುಖ ನೋಡಿದೆ. ಎಲ್ಲರೂ ಅವನ ಮುಖ ನೋಡಿದರು.

ಅವನು ಗಂಟಲು ಸರಿಮಾಡಿಕೊಂಡ.

“ನನ್ಗೇನ್ ಗೊತ್ತಣ್ಣ? ಉರಿ ಸುತ್ತು ಅಂದಿದ್ದೆ. ಇದು ಒಸಾ ನಮೂನೆ ರೆಕ್ಸಿನು, ಮೈಸೂರಿಂದ ತರ್ಸೀನಿ ಅಂದ. ನಂಬ್ದೆ. ಮನೆಯವ್ನಂಗೆ ನಂಬಿದ್ದೆ ಇವನ್ನ.”

ಅಯ್ಯೋ ಪಾಪಿ, ಇಷ್ಟೊಂದು ಸಲೀಸಾಗಿ ಬಂತಲ್ಲ ನಿನ್ನ ಬಾಯಲ್ಲಿ! ತಡವರಿಸಲಿಲ್ಲ, ಕಣ್ಣು ತಗ್ಗಿಸಲಿಲ್ಲ. ಹೊಸಾ ನಮೂನೆ, ಮೈಸೂರಿಂದ ತರಿಸಿದ್ದು, ಇದನ್ನೆಲ್ಲ ರಾತ್ರಿಯೇ ಜೋಡಿಸಿಟ್ಟುಕೊಂಡಿದ್ದ. ನಾನು ಬಸ್ಸಿನಲ್ಲಿ ಅವನನ್ನು ನೆಚ್ಚಿಕೊಂಡು ನಿರುಮ್ಮಳವಾಗಿ ಬರುತ್ತಿದ್ದಾಗ ಅವನು ಇಲ್ಲಿ ವಿಭೂತಿ ಹಚ್ಚಿಕೊಂಡು ಸುಳ್ಳಿಗೆ ಸಿದ್ಧವಾಗಿ ನಿಂತಿದ್ದ.

“ಇಲ್ಲ ಬುದ್ಧಿ, ಇವರೇ…” ಅಂತ ಶುರು ಮಾಡಿದೆ.

“ಸಾಕು!” ಅಂದರು ಯಜಮಾನರು. ಮೊದಲ ಸಲ ಅವರ ದನಿ ಏರಿತು. “ನಿನ್ನ ಬಾಯಿಂದ್ಲೇ ಕೇಳಿದ್ದೀನಿ ನಾನು, ರೆಕ್ಸಿನು ಅಂತ. ಆ ಬಾಯಿಂದ ಇನ್ನೇನ್ ಕೇಳ್ಲಿ?”

ನಿಜವಾಗಿಯೂ ನಾನೇ ಅಂದಿದ್ದೆ. ಅವರ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಬಿಚ್ಚು ಅಂದರು. ಗಾಡಿಯಲ್ಲಿ ಕೂತು, ಅಷ್ಟೂ ಜನ ನೋಡುತ್ತಿರುವಾಗ, ನನ್ನ ಹೊಲಿಗೆಯನ್ನು ನಾನೇ ಕೊಯ್ದೆ. ಒಂದೊಂದೇ ಗಂಟು ಬಿಚ್ಚುತ್ತಾ ಹೋದರೆ ಬಲಗಡೆ, ಅವನು ಹಿಡಿಯುವ ಜಾಗದಲ್ಲಿ, ನಾಲ್ಕು ಬೆರಳಿನ ಗುರುತು ನುಣ್ಣಗೆ ಹೊಳೆಯುತ್ತಿತ್ತು. ಇಷ್ಟು ತಿಂಗಳು ದಿನವೆಲ್ಲ ಹಿಡಿದವನಿಗೆ ಚರ್ಮವೋ ರೆಕ್ಸಿನೋ ಗೊತ್ತಾಗಲಿಲ್ಲವೇ ಅಂತ ಅಲ್ಲಿದ್ದ ಒಬ್ಬರಾದರೂ ಕೇಳಬಹುದಿತ್ತು. ಕೇಳಲಿಲ್ಲ. ಬಿಚ್ಚಿದ ಚರ್ಮವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟೆ. ಹಿಂದಿನಿಂದ ಬಿಂದಿಗೆಗಟ್ಟಲೆ ನೀರು ಸುರಿದು ಗಾಡಿ ತೊಳೆಯುವ ಸದ್ದು ಕೇಳಿಸುತ್ತಿತ್ತು. ನಾನು ಕೂತಿದ್ದ ಸೀಟನ್ನೂ ತೊಳೆದರು.

ಆ ಮೂವರು ಯಜಮಾನರು ಅವತ್ತೇ ತಮ್ಮ ಸ್ಟೇರಿಂಗಿನ ಹುರಿ ಬಿಚ್ಚಿಸಿ ನೋಡಿದರಂತೆ. ಕೆಳಗೆ ಏನೂ ಸಿಗಲಿಲ್ಲ, ಸಿಗೋಕೆ ನಾನು ಏನೂ ಇಟ್ಟಿರಲಿಲ್ಲ. ಆದರೂ ಮತ್ತೆ ನನ್ನ ಹತ್ತಿರ ಬರಲಿಲ್ಲ. ಸುದ್ದಿ ಪಿರಿಯಾಪಟ್ಟಣ ತಲುಪಿತು, ಕೋಟೆ ತಲುಪಿತು. ನನ್ನ ಮರದ ಕೆಳಗೆ ಗಾಡಿಗಳು ನಿಲ್ಲುತ್ತಿದ್ದವು, ಡ್ರೈವರುಗಳು ಟೀ ಕುಡಿಯುತ್ತಿದ್ದರು, ನನ್ನ ಕಡೆ ನೋಡಿ “ಏನಯ್ಯ ರೆಕ್ಸಿನು” ಅಂತ ನಗುತ್ತಿದ್ದರು. ನಾನು ಚಪ್ಪಲಿಯ ಉಂಗುಷ್ಟ ಹೊಲಿಯೋಕೆ ಇಳಿದೆ. ಅಪ್ಪ ಆ ಹೊತ್ತಿಗೆ ತೀರಿಕೊಂಡಿದ್ದ, ಅಷ್ಟು ಮಾತ್ರ ನನ್ನ ಪುಣ್ಯ.

ಹೆಂಡತಿಗೆ ನಾಯಿಯ ಕಥೆ ಹೇಳಿದೆ, ಯಜಮಾನರ ಸಿಟ್ಟಿನ ಕಥೆ ಹೇಳಿದೆ. ಅವನು ಆಡಿದ ಮಾತು ಹೇಳಲಿಲ್ಲ. ಅವಳು ಮಗಳಿಗೆ ತಲೆ ಬಾಚುವಾಗ ಅವನ ಗಾಡಿಯ ಕಥೆ ಹೇಳುತ್ತಿದ್ದಳು. ಆ ಮಗುವಿನ ಮುಂದೆ ನಾನು ಏನು ಅಂತ ಹೇಳಲಿ?

ಮಳೆಗಾಲ ಮುಗಿದು ಕಬ್ಬು ಕಡಿಯುವ ಹೊತ್ತಿಗೆ ಅವನು ಬಂದ. ಮರದಿಂದ ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿ, ಆಚೆ ಈಚೆ ನೋಡಿ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತ. ಏನೂ ಆಗಿಲ್ಲದವನ ಹಾಗೆ ಅಂಗೈ ಬಿಚ್ಚಿ ತೋರಿಸಿದ. ಅಣ್ಣ ಚಕ್ರಕ್ಕೆ ತೆಂಗಿನ ನಾರಿನ ಹಗ್ಗ ಸುತ್ತಿಸಿದ್ದರು. ಅವನ ಎರಡೂ ಅಂಗೈ ಸುಲಿದು ಕೆಂಪಾಗಿದ್ದವು.

“ಸಾಯ್ತಿವ್ನಿ ಕಣ್ಲಾ. ಅಗ್ಗದ ಕೆಳೀಕೆ ಒಂದು ಪಟ್ಟಿ ಚರ್ಮ ಕೊಡು. ಮೇಲೆ ಉರಿ ಸುತ್ತುಬುಡು. ಈ ಸಲ ಯಾವ್ ನಾಯಿಗೂ ಗೊತ್ತಾಗಾಕಿಲ್ಲ.”

ಥೂ ನಿನ್ನ, ಅಂತ ಬಾಯಿಗೆ ಬಂತು. ಎಷ್ಟು ತಿಂಗಳಿಂದ ಇವನು ಸಿಕ್ಕರೆ ಹೀಗೆ ಬೈಯಬೇಕು, ಹಾಗೆ ಬೈಯಬೇಕು ಅಂತ ಒಬ್ಬನೇ ಕೂತು ಮಾತು ಕಟ್ಟಿದ್ದೆ. ಅದೆಲ್ಲ ಬಿಟ್ಟು ಒಂದೇ ಒಂದು ಮಾತು ಕೇಳಿದೆ.

“ಅವತ್ತು ಅಂಗಳದಲ್ಲಿ ಯಾಕ್ ಅಂಗಂದೆ?”

ಅವನಿಗೆ ಆಶ್ಚರ್ಯವಾಯಿತು. ಇನ್ನೂ ಅದನ್ನೇ ಇಟ್ಟುಕೊಂಡಿದ್ದೀಯಾ ಅನ್ನುವ ಹಾಗೆ ನೋಡಿ, ನನ್ನ ಹೆಗಲ ಮೇಲೆ ಕೈ ಇಟ್ಟ.

“ಇನ್ನೇನ್ ಮಾಡ್ಲಿ ಯೋಳು? ನಿಜ ಅಂದಿದ್ರೆ ನಮ್ಮವ್ವ ನನ್ನ ಮನೆ ಒಳೀಕೆ ಸೇರುಸ್ತಿರ್ನಿಲ್ಲ. ನಿನ್ಗೇನ್ಲಾ, ನೀನು ಎಂಗಿದ್ರೂ ಒಳೀಕೆ ಬರೋನಲ್ವಲ್ಲ.”

ಕುಚೋದ್ಯಕ್ಕೆ ಅಂದದ್ದಲ್ಲ. ನನಗೆ ಸಮಾಧಾನವಾಗಲಿ ಅಂತಲೇ ಅಂದ. ಮುಖದಲ್ಲಿ ನಿಜವಾದ ಅಕ್ಕರೆ ಇತ್ತು, ಅದೇ ನನ್ನನ್ನು ಸುಟ್ಟಿತು. ನನ್ನ ಪಕ್ಕ ಕೂತು ಟೀ ಕುಡಿದ ಅಷ್ಟೂ ದಿನ ಅವನಿಗೆ ಈ ಲೆಕ್ಕ ಗೊತ್ತಿತ್ತು, ನನಗೆ ಒಬ್ಬನಿಗೇ ಗೊತ್ತಿರಲಿಲ್ಲ.

ಅವನ ಕೈಯನ್ನು ಹೆಗಲಿಂದ ಕೆಳಗಿಳಿಸಿದೆ. ಆಗೋದಿಲ್ಲ ಅಂದೆ. ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮಟಮಟ ಮಧ್ಯಾಹ್ನದಲ್ಲಿ ಮನೆಗೆ ಹೋದೆ. ಹೆಂಡತಿ ರಾಗಿ ಮುದ್ದೆ ತೊಳಸುತ್ತಿದ್ದಳು, ಯಾಕೆ ಇಷ್ಟು ಬೇಗ ಅಂದಳು.

“ಅವನು ಬಂದಿದ್ದ,” ಅಂದೆ.

ಅವಳ ಮುಖ ಅರಳಿತು. ಮುದ್ದೆ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಾಗಿಲಿಗೆ ಬಂದು ಬೀದಿಯ ಆ ತುದಿಯವರೆಗೂ ನೋಡಿದಳು.

“ಅಯ್ಯೋ, ಒಬ್ರನ್ನೇ ಬಿಟ್ಟು ಬಂದ್ರಾ? ಮನೆ ಒಳೀಕೆ ಕರ್ಕಂಡ್ ಬರ್ಬಾರ್ದಿತ್ತಾ?”